ಮರಣಕಾರಣದ ಊಹಾಪೋಹ: ಒಂದು ಪ್ರಮಾಣವಿಚಾರ

ಮಹಾಲಯ ಪಕ್ಷವು ಸಮೀಪಿಸುತ್ತಿದ್ದಂತೆ ದೇವಸ್ಥಾನದ ಕಚೇರಿಗೆ ತಿಥಿಯನ್ನು ವಿಚಾರಿಸಿಕೊಂಡು ಬರುವ ಆಸ್ತಿಕರ ಸಂಖ್ಯೆ ಹೆಚ್ಚುವುದು ವಾಡಿಕೆ. ಹೆಚ್ಚಿನವರಿಗೆ ಉತ್ತರ ಸುಲಭ. ಮೃತತಿಥಿ ಯಾವುದೋ ಪಕ್ಷದಲ್ಲಿಯೂ ಅದೇ ತಿಥಿ. ಸುಮಂಗಲಿಯಾಗಿ ತೀರಿಕೊಂಡವರಿಗೆ ಅವಿಧವಾ ನವಮಿ, ಯತಿಗಳಿಗೆ ದ್ವಾದಶಿ ಎಂಬ ವಿಶೇಷಗಳೂ ಬಹುಮಂದಿಗೆ ತಿಳಿದಿವೆ. ಆದರೆ ಪಕ್ಷದ ಕೊನೆಯಲ್ಲಿ ಬರುವ ಘಾತ ಚತುರ್ದಶಿಯ ಮಾತು ಬಂದಾಗ ಮಾತ್ರ ಕೇಳುವವರ ಧ್ವನಿ ತಗ್ಗುತ್ತದೆ. ಶಸ್ತ್ರದಿಂದಲೋ ವಿಷದಿಂದಲೋ ಅಪಘಾತದಿಂದಲೋ ಮೃತರಾದವರಿಗೆ ಮೀಸಲಾದ ತಿಥಿ ಅದು. "ನಮ್ಮವರದು ಆ ಲೆಕ್ಕಕ್ಕೆ ಸೇರುತ್ತದೆಯೆ?" ಎಂದು ಕೇಳುವಾಗ ಹಿಂದೆ ಮುಂದೆ ಯಾರಿದ್ದಾರೆಂದು ನೋಡಿಕೊಳ್ಳುವವರನ್ನು ನಾವು ಕಂಡಿದ್ದೇವೆ.

ಒಬ್ಬನು ಯಾವುದರಿಂದ ಸತ್ತನೆಂಬುದು ನಮ್ಮ ಸಂಪ್ರದಾಯದಲ್ಲಿ ಕೇವಲ ಕುತೂಹಲದ ವಿಷಯವಲ್ಲ ಎಂಬುದನ್ನು ಇದರಿಂದಲೇ ತಿಳಿಯಬಹುದು. ಕರ್ತೃವು ಯಾವ ತಿಥಿಯಲ್ಲಿ ಶ್ರಾದ್ಧ ಮಾಡಬೇಕು, ಯಾವ ವಿಧಿಯನ್ನು ಅನುಸರಿಸಬೇಕು ಎಂಬ ಕರ್ತವ್ಯನಿರ್ಣಯವು ಆ ಕಾರಣವನ್ನು ಅವಲಂಬಿಸಿದೆ. ಕರ್ತವ್ಯವು ಯಾವುದನ್ನು ಅವಲಂಬಿಸಿದೆಯೋ ಅದು ಪ್ರಮಾಣದಿಂದ ಸಿದ್ಧವಾಗಿರಬೇಕಲ್ಲದೆ ಬೀದಿಯ ಮಾತಿನಿಂದಲ್ಲ. ಇಂದು ಯಾರಾದರೂ ಹಠಾತ್ತನೆ ತೀರಿಕೊಂಡರೆ ಚಿತೆ ಆರುವ ಮೊದಲೇ ಸಾವಿನ ಕಾರಣವು ಊರಿನಲ್ಲೆಲ್ಲ ನಿರ್ಣಯವಾಗಿರುತ್ತದೆ. ವೈದ್ಯರ ವರದಿಯೂ ತನಿಖೆಯ ಫಲವೂ ಬರುವುದಕ್ಕೆ ಮುಂಚೆ ಹೀಗೆ ನಿರ್ಣಯಿಸುವ ಅಧಿಕಾರ ನಮಗುಂಟೆ ಎಂಬುದನ್ನು ಸಿದ್ಧಾಂತದ ಬೆಳಕಿನಲ್ಲಿ ಸ್ವಲ್ಪ ವಿಚಾರಿಸುವುದು ಈ ಲೇಖನದ ಉದ್ದೇಶ.

2025ನೆಯ ಇಸವಿಯ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರು ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಹಬ್ಬಿತು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಪ್ರತಿದಿನವೂ ಪತ್ರಿಕೆಗಳಲ್ಲಿ ಎಣಿಕೆ ಏರುತ್ತಹೋಯಿತು. ಸರ್ಕಾರವು ತಜ್ಞರ ಸಮಿತಿಯನ್ನು ರಚಿಸಿ ವರದಿಯನ್ನು ಕೇಳಿತು. ಆದರೆ ಜನರಿಗೆ ಸಮಿತಿಯ ವರದಿ ಬರುವವರೆಗೆ ಕಾಯುವ ತಾಳ್ಮೆ ಎಲ್ಲಿ? ಕೋವಿಡ್ ಕಾಲದಲ್ಲಿ ಹಾಕಿಸಿಕೊಂಡ ಲಸಿಕೆಯೇ ಕಾರಣವೆಂದು ಕೆಲವರು, ಊಟದ ಎಣ್ಣೆಯೆಂದು ಕೆಲವರು, ನೀರಿನ ದೋಷವೆಂದು ಮತ್ತೆ ಕೆಲವರು ತೀರ್ಪು ಕೊಟ್ಟರು. ಹೊಣೆಗಾರಿಕೆಯ ಸ್ಥಾನದಲ್ಲಿದ್ದವರೂ ಲಸಿಕೆಯ ಸಂಶಯವನ್ನು ಬಹಿರಂಗವಾಗಿ ಆಡಿದರು. ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತರು. ನಿಜವಾದ ರೋಗಿಗೂ ಭಯಗ್ರಸ್ತನಿಗೂ ಒಂದೇ ಸಾಲು!

ಜುಲೈ ತಿಂಗಳಲ್ಲಿ ವರದಿ ಬಂದಿತು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಆ ಸಮಿತಿಯು 24 ಮರಣಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವುಗಳೇ ಅಲ್ಲ. ಒಬ್ಬರು ರಸ್ತೆ ಅಪಘಾತದಲ್ಲಿ, ಒಬ್ಬರು ವಿದ್ಯುದಾಘಾತದಿಂದ, ಒಬ್ಬರು ಬಹುಕಾಲದ ಮೂತ್ರಪಿಂಡದ ರೋಗದಿಂದ, ಇನ್ನೊಬ್ಬರು ಕರುಳಿನ ಬೇನೆಯಿಂದ ತೀರಿಕೊಂಡವರು. ಉಳಿದ ಇಪ್ಪತ್ತರಲ್ಲಿ ಹತ್ತು ಮಾತ್ರ ದಾಖಲೆಗಳಿಂದ ಹೃದ್ರೋಗವೆಂದು ದೃಢಪಟ್ಟವು. ಮಿಕ್ಕ ಹತ್ತನ್ನು ಸಮಿತಿಯು ಹೃದಯಸಂಬಂಧವೆಂದು ಭಾವಿಸಬಹುದಾದವು ಎಂಬ ವರ್ಗದಲ್ಲಿಟ್ಟಿತು. ಜಿಲ್ಲೆಯಲ್ಲಿ ಹೃದ್ರೋಗದ ಸಾವುಗಳು ಹಿಂದಿಗಿಂತ ಅಸಾಧಾರಣವಾಗಿ ಏರಿಲ್ಲವೆಂದೂ ಲಸಿಕೆಗೂ ಇವಕ್ಕೂ ಸಂಬಂಧ ಕಂಡುಬಂದಿಲ್ಲವೆಂದೂ ತಿಳಿಸಿತು. ರಸ್ತೆಯಲ್ಲಿ ಅಪಘಾತಕ್ಕೀಡಾದವರನ್ನೂ ವಿದ್ಯುತ್ ತಗುಲಿ ಸತ್ತವರನ್ನೂ ಒಂದು ತಿಂಗಳ ಕಾಲ ನಾಡೇ ಹೃದಯಾಘಾತದ ಲೆಕ್ಕಕ್ಕೆ ಸೇರಿಸಿ ಎಣಿಸುತ್ತಿದ್ದುದು ಸಾಮಾನ್ಯ ಸಂಗತಿಯಲ್ಲ. ಇಲ್ಲಿ ತಪ್ಪಿದುದು ಕಾರಣದ ಊಹೆ ಮಾತ್ರವಲ್ಲ, ಯಾವ ಕಾರ್ಯಕ್ಕೆ ಕಾರಣವನ್ನು ಹುಡುಕುತ್ತಿದ್ದರೋ ಆ ಕಾರ್ಯವೇ ಸರಿಯಾಗಿ ಗೃಹೀತವಾಗಿರಲಿಲ್ಲ. ಸಮಿತಿಯ ಮಾತಿನ ರೀತಿಯನ್ನೂ ಗಮನಿಸಬೇಕು. ತನಗೆ ದೃಢವಾದುದು ಹತ್ತು, ಭಾವಿಸಬಹುದಾದುದು ಹತ್ತು ಎಂದು ಅದು ಬೇರೆಬೇರೆಯಾಗಿಯೇ ಹೇಳಿತು. ಬೀದಿಯ ನಿರ್ಣಯದಲ್ಲಿ ಇಂತಹ ಎರಡು ವರ್ಗಗಳಿರುವುದಿಲ್ಲ.

ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ಅಂಗೀಕರಿಸಿದ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಶ್ರೀಮಜ್ಜಯತೀರ್ಥರ ಪ್ರಮಾಣಪದ್ಧತಿಯನ್ನು ಪಾಠಶಾಲೆಯಲ್ಲಿ ಓದುವ ಬಾಲಕನಿಗೂ ಇವುಗಳ ಲಕ್ಷಣದಲ್ಲಿ ಸಾಮಾನ್ಯವಾಗಿರುವ ಅಂಶ ತಿಳಿದಿರುತ್ತದೆ. ಅದೇ ನಿರ್ದೋಷತ್ವ. ದೋಷರಹಿತವಾದ ಇಂದ್ರಿಯಾರ್ಥಸಂಬಂಧ, ದೋಷರಹಿತವಾದ ಯುಕ್ತಿ, ದೋಷರಹಿತವಾದ ಶಬ್ದ. ಕಣ್ಣಿದ್ದ ಮಾತ್ರಕ್ಕೆ ಪ್ರತ್ಯಕ್ಷವಾಗದು, ಯುಕ್ತಿಯನ್ನು ಹೂಡಿದ ಮಾತ್ರಕ್ಕೆ ಅನುಮಾನವಾಗದು. ಈ ಮೂರರಲ್ಲಿ ಯಾವುದನ್ನು ಆಶ್ರಯಿಸಿ ಜನರು ಇನ್ನೊಬ್ಬನ ಮರಣಕಾರಣವನ್ನು ಹೇಳುತ್ತಾರೆ?

ಪ್ರತ್ಯಕ್ಷವಂತೂ ಅಲ್ಲ, ಅದರಲ್ಲಿ ವಿವಾದವಿಲ್ಲ. ಮರಣವನ್ನು ಕಂಡವರೇ ವಿರಳ. ಕಂಡವರೂ ದೇಹವು ಬಿದ್ದುದನ್ನು ಕಂಡರೇ ಹೊರತು ಒಳಗೆ ನಡೆದುದನ್ನಲ್ಲ.

ಅನುಮಾನವೆಂದರೆ ಅದರಲ್ಲಿಯೂ ಇಲ್ಲಿ ಪ್ರಾಯಶಃ ಪ್ರವರ್ತಿಸುವುದು ಅರ್ಥಾಪತ್ತಿಯ ರೂಪ. ಹಗಲು ಉಣ್ಣದ ದೇವದತ್ತನು ಪುಷ್ಟನಾಗಿದ್ದಾನೆ, ರಾತ್ರಿಭೋಜನವಿಲ್ಲದೆ ಇದು ಹೊಂದದು, ಆದುದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಪ್ರಸಿದ್ಧ ಉದಾಹರಣೆ. ಇದನ್ನು ನಮ್ಮವರು ಅನುಮಾನದಲ್ಲಿಯೇ ಅಂತರ್ಭಾವಗೊಳಿಸುತ್ತಾರೆ. ಇದರ ಬಲವೆಲ್ಲ ಬೇರೆ ರೀತಿಯಲ್ಲಿ ಹೊಂದದು ಎಂಬುದರಲ್ಲಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯದ ಆಘಾತದಿಂದ ತೀರಿಕೊಂಡಾಗ ನಾಡಿನ ತುಂಬ ನಡೆದುದು ಇದೇ ಬಗೆಯ ಯುಕ್ತಿ. ದೇಹವನ್ನು ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದವರಿಗೆ ಮರಣ ಹೊಂದದು, ಆದುದರಿಂದ ವ್ಯಾಯಾಮವೇ ಕೊಂದಿತು, ಇಲ್ಲವೆ ಲಸಿಕೆ ಕೊಂದಿತು. ಗಟ್ಟಿಮುಟ್ಟಾಗಿ ಕಾಣುವ ದೇಹದಲ್ಲಿಯೂ ರಕ್ತನಾಳದ ರೋಗ ಸದ್ದಿಲ್ಲದೆ ಇರಬಲ್ಲದೆಂಬ ಒಂದು ಸಂಭವವಿದ್ದರೆ ಸಾಕು, ಈ ಯುಕ್ತಿಯು ಅನ್ಯಥೋಪಪತ್ತಿಯಿಂದ ಮುರಿದುಬೀಳುತ್ತದೆ. ಲಸಿಕೆಯ ವಿಷಯದಲ್ಲಂತೂ ಕಾಕತಾಲೀಯ ನ್ಯಾಯವೇ ಸರಿ. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಇರುವ ಸಂಬಂಧವೇ ಇಲ್ಲಿಯೂ ಉಳ್ಳದ್ದು. ವಯಸ್ಕರಲ್ಲಿ ಬಹುತೇಕ ಎಲ್ಲರೂ ಹಾಕಿಸಿಕೊಂಡ ಲಸಿಕೆಯನ್ನು ಸತ್ತವರೂ ಹಾಕಿಸಿಕೊಂಡಿದ್ದರು ಎಂಬುದರಿಂದ ಏನು ಸಿದ್ಧಿಸಿತು? ಸತ್ತವರೆಲ್ಲರೂ ಅನ್ನವನ್ನು ಉಂಡವರೇ. ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ತೂಗಿ ನೋಡಿದ ಹೊರತು ವ್ಯಾಪ್ತಿಯ ಗಂಧವೂ ಇಲ್ಲಿಲ್ಲ. ಆ ತೂಗುವ ಕೆಲಸವನ್ನೇ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮಾಡಿತು. ಆ ಅಧ್ಯಯನದಲ್ಲಿ ಲಸಿಕೆಯಿಂದ ಹಠಾತ್ ಮರಣದ ಸಂಭವ ಹೆಚ್ಚಿದುದು ಕಾಣಲಿಲ್ಲ.

ಇನ್ನು ಉಳಿದುದು ಶಬ್ದ. "ಹಾಗಂತೆ, ಹೀಗಂತೆ" ಎಂಬುದೇ ಇಲ್ಲಿ ಆಗಮದ ಸ್ಥಾನವನ್ನು ಆಕ್ರಮಿಸಿದೆ. ಪೌರುಷೇಯವಾದ ವಾಕ್ಯವು ಪ್ರಮಾಣವಾಗಬೇಕಾದರೆ ವಕ್ತೃವು ಆಪ್ತನಾಗಿರಬೇಕು. ಹೇಳುವ ವಿಷಯದ ತತ್ತ್ವವನ್ನು ಬಲ್ಲವನಾಗಿರಬೇಕು, ವಂಚಿಸುವ ಇಚ್ಛೆ ಇಲ್ಲದವನಾಗಿರಬೇಕು. ನಮ್ಮ ನೆರೆಯವರಲ್ಲಿ ಎರಡನೆಯ ಗುಣ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ಅವರು ಯಾರನ್ನೂ ವಂಚಿಸಹೊರಟವರಲ್ಲ. ಮೊದಲನೆಯದು ಮಾತ್ರ ಇಲ್ಲ. ಮೊಬೈಲಿನಲ್ಲಿ ಬಂದುದನ್ನು ಹತ್ತು ಜನರಿಗೆ ದಾಟಿಸುವವನು ಸ್ವತಃ ಬಲ್ಲವನೂ ಅಲ್ಲ, ಬಲ್ಲವನ ಹೆಸರನ್ನು ಹೇಳುವುದಕ್ಕೂ ಆರನು.

ಇದಕ್ಕೆ ಪ್ರತಿಯಾಗಿ ನಿಜವಾಗಿ ಬಲ್ಲವರು ಹೇಗೆ ವರ್ತಿಸುತ್ತಾರೆಂಬುದನ್ನು ನೋಡಬೇಕು. ಅಸಹಜವೆಂದೋ ಸಂಶಯಾಸ್ಪದವೆಂದೋ ತೋರುವ ಮರಣವಾದರೆ ಪೊಲೀಸರು ಪಂಚರ ಸಮಕ್ಷಮದಲ್ಲಿ ಶವಮಹಜರು ನಡೆಸುತ್ತಾರೆ. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಲ್ಲಿದ್ದ ಈ ವಿಧಿಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲಿದೆ. ಅನಂತರ ವೈದ್ಯರು ಶವಪರೀಕ್ಷೆ ಮಾಡುತ್ತಾರೆ. ಹೊಟ್ಟೆಯೊಳಗಿನ ದ್ರವ್ಯ, ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳ ಭಾಗಗಳನ್ನು ಉಪ್ಪಿನ ದ್ರಾವಣದಲ್ಲಿಟ್ಟು ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಹೃದಯದ ಸೂಕ್ಷ್ಮಪರೀಕ್ಷೆ ಬೇಕಾದರೆ ಅದನ್ನು ಬೇರೆಯಾಗಿಯೇ ಕಾಪಾಡುತ್ತಾರೆ. ಬೆಂಗಳೂರಿನ ಮಡಿವಾಳದಲ್ಲಿ ಅಂತಹ ಪ್ರಯೋಗಾಲಯವಿದೆ, ಮಂಗಳೂರು, ಮೈಸೂರು ಮೊದಲಾದೆಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಫಲ ಬರಲು ವಾರಗಳು ಬೇಕು, ಅನೇಕ ವೇಳೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಶವಪರೀಕ್ಷೆ ಮಾಡಿದ ವೈದ್ಯರು ತಮ್ಮ ಪತ್ರದಲ್ಲಿ ಮರಣಕಾರಣದ ಅಭಿಪ್ರಾಯವನ್ನು ಕಾಯ್ದಿರಿಸಲಾಗಿದೆ ಎಂದು ಬರೆಯುತ್ತಾರೆ.

ಈ ಕಾಯ್ದಿರಿಸುವಿಕೆ ಎಂಬ ಮಾತು ನಮಗೆ ಬಹಳ ಅರ್ಥವತ್ತಾಗಿ ತೋರುತ್ತದೆ. ದೇಹವನ್ನು ಕೈಯಾರೆ ತೆರೆದು ನೋಡಿದವರು ಅವರು. ಜಗತ್ತಿನಲ್ಲಿ ಆ ದಿನ ಆ ದೇಹದ ವಿಷಯದಲ್ಲಿ ಅವರಿಗಿಂತ ಹೆಚ್ಚು ಬಲ್ಲವರಿಲ್ಲ. ಅವರು ಸುಮ್ಮನಿದ್ದಾರೆ. ಶವವನ್ನು ಕಾಣದವನು, ಆ ಊರಿಗೆ ಹೋಗದವನು, ಸತ್ತವನ ವಯಸ್ಸನ್ನೂ ಸರಿಯಾಗಿ ಅರಿಯದವನು ಚಹದ ಅಂಗಡಿಯಲ್ಲಿ ನಿಂತು ಕಾರಣವನ್ನು ಹೇಳುತ್ತಿದ್ದಾನೆ!

ಹಾಗಾದರೆ ಮನಸ್ಸಿನಲ್ಲಿ ಸಂಶಯವೇ ಹುಟ್ಟಬಾರದೆ ಎಂದು ಕೇಳಬಹುದು. ಇಲ್ಲಿಯೇ ವಿಷಯದ ಮರ್ಮವಿದೆ. ಸಂಶಯವು ಹುಟ್ಟುವುದು ಪಾಪವೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹಠಾತ್ತಾದ ಸಾವನ್ನು ಕಂಡ ಮನಸ್ಸಿಗೆ ಇದೋ ಅದೋ ಎಂಬ ಡೋಲಾಯಮಾನ ಸ್ಥಿತಿ ಸಹಜ. ಸಂಶಯವಿಲ್ಲದೆ ಜಿಜ್ಞಾಸೆಯೇ ಪ್ರವರ್ತಿಸದು, ಬ್ರಹ್ಮಮೀಮಾಂಸೆಯ ಅಧಿಕರಣಗಳಲ್ಲಿಯೂ ವಿಷಯದ ಅನಂತರ ಬರುವುದು ಸಂಶಯವೇ. ಆದರೆ ಸಿದ್ಧಾಂತದಲ್ಲಿ ಸಾಕ್ಷಿ ಎಂಬುದೊಂದಿದೆ. ಜೀವನ ಸ್ವರೂಪಭೂತವಾದ ಆ ಚೈತನ್ಯೇಂದ್ರಿಯವು ಮನಸ್ಸಿನಲ್ಲಿ ಹುಟ್ಟಿದ ಜ್ಞಾನವನ್ನೂ ಆ ಜ್ಞಾನದ ಪ್ರಾಮಾಣ್ಯವನ್ನೂ ಗ್ರಹಿಸುತ್ತದೆ. ಮನಸ್ಸು ಭ್ರಮಿಸಬಹುದು, ಸಾಕ್ಷಿಯು ಭ್ರಮಿಸದು. ನನಗೆ ಈಗ ಇರುವುದು ಸಂಶಯ, ನಿಶ್ಚಯವಲ್ಲ ಎಂಬ ಅರಿವು ಪ್ರತಿಯೊಬ್ಬನಿಗೂ ತನ್ನೊಳಗೆ ಇದ್ದೇ ಇದೆ. ಇದಕ್ಕೆ ಪಾಂಡಿತ್ಯ ಬೇಡ, ಪಾಠಶಾಲೆಯೂ ಬೇಡ. "ಅವನು ವಿಷ ಕುಡಿದು ಸತ್ತ" ಎಂದು ಹೇಳುವವನನ್ನು ನಿಲ್ಲಿಸಿ, ನಿನ್ನ ಮಗನ ತಲೆಯ ಮೇಲೆ ಕೈಯಿಟ್ಟು ಹೇಳು ಎಂದರೆ ತಕ್ಷಣ ಅವನ ಮಾತು "ಹಾಗೆ ಹೇಳುತ್ತಾರಪ್ಪ" ಎಂದು ತಿರುಗುತ್ತದೆ. ತಿರುಗಿಸಿದುದು ಯಾವುದು? ಅವನ ಸಾಕ್ಷಿಯೇ.

ಆದುದರಿಂದ ಇದನ್ನು ಕೇವಲ ಅಜ್ಞಾನವೆಂದು ಬಿಡಲಾಗದು. ಅಜ್ಞಾನಿಯಾದವನು ಹಗ್ಗವನ್ನು ಹಾವೆಂದು ಕಂಡು ಹಾವೆಂದೇ ಕೂಗುತ್ತಾನೆ. ಅವನ ಮನಸ್ಸೂ ಮಾತೂ ಒಂದೇ ಆಗಿರುತ್ತವೆ, ಅವನನ್ನು ನಾವು ಕ್ಷಮಿಸುತ್ತೇವೆ. ಇಲ್ಲಿ ಹಾಗಲ್ಲ. ಒಳಗೆ ಸಂಶಯವಿದೆ, ಅದು ಸಂಶಯವೆಂದು ತಿಳಿದೂ ಇದೆ. ನಾಲಿಗೆಗೆ ಬರುವಾಗ ಮಾತ್ರ ಅದು ನಿಶ್ಚಯದ ವೇಷವನ್ನು ಧರಿಸುತ್ತದೆ. ಒಳಗಿನ ಅರಿವಿಗೂ ಹೊರಗಿನ ವಾಕ್ಯಕ್ಕೂ ಬಿದ್ದ ಈ ಬಿರುಕೇ ಅಸತ್ಯ. ನಾಳೆ ವರದಿ ಬಂದು ಅವನ ಊಹೆಯೇ ನಿಜವಾದರೂ ಆ ದಿನ ಅವನು ಆಡಿದ ಮಾತು ಸತ್ಯವಚನವಾಗುವುದಿಲ್ಲ, ಏಕೆಂದರೆ ಆ ದಿನ ಅವನಿಗೆ ತಿಳಿದಿರಲಿಲ್ಲ. ಕತ್ತಲೆಯಲ್ಲಿ ಎಸೆದ ಕಲ್ಲು ಹಣ್ಣಿಗೆ ತಾಗಿದರೆ ಎಸೆದವನು ಬಿಲ್ಲುಗಾರನಾಗುವುದಿಲ್ಲ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ವಾಙ್ಮಯ ತಪಸ್ಸನ್ನು ನಿರೂಪಿಸುವಾಗ ಸತ್ಯದ ಜೊತೆಗೆ ಉದ್ವೇಗಕಾರಿಯಲ್ಲದಿರುವುದನ್ನೂ ಹಿತವಾಗಿರುವುದನ್ನೂ ಹೇಳಿದ್ದಾನೆ. ಬರಿಯ ಸತ್ಯವೂ ಅಲ್ಲಿ ಸಾಲದೆಂದಾದ ಮೇಲೆ ಸತ್ಯವೆಂದೇ ತಿಳಿಯದ, ಉದ್ವೇಗವನ್ನು ಮಾತ್ರ ಹುಟ್ಟಿಸುವ ಮಾತಿಗೆ ಎಲ್ಲಿ ಸ್ಥಾನ?

ಈ ಉದ್ವೇಗವು ಯಾರಿಗೆ? ಸತ್ತವನಿಗಂತೂ ಅಲ್ಲ, ಅವನು ಕರ್ಮಾನುಸಾರ ಗತಿಯನ್ನು ಹೊಂದಿದ. ಉಳಿದವರಿಗೆ. ನಮ್ಮ ಪರಿಚಯದ ಒಂದು ಮನೆಯ ವೃತ್ತಾಂತವನ್ನು ಇಲ್ಲಿ ಹೇಳಬಹುದು. ಊರು ಹೆಸರುಗಳು ಬೇಡ. ನಲವತ್ತು ದಾಟಿದ ಗೃಹಸ್ಥರೊಬ್ಬರು ಆಷಾಢದ ಒಂದು ಬೆಳಿಗ್ಗೆ ಅಡಕೆ ತೋಟದ ಶೆಡ್ಡಿನಲ್ಲಿ ಸತ್ತುಬಿದ್ದಿದ್ದರು. ಬಾಯಲ್ಲಿ ನೊರೆ ಇತ್ತು, ಪಕ್ಕದಲ್ಲಿ ಔಷಧಿಯ ಡಬ್ಬಿ ಇತ್ತು. ಸೊಸೈಟಿಯಲ್ಲಿ ಸಾಲವಿದ್ದುದು ಎಲ್ಲರಿಗೂ ತಿಳಿದಿತ್ತು. ಇನ್ನೇನು ಬೇಕು? ಮಳೆಗಾಲದಲ್ಲಿ ಅಡಕೆ ಬೆಳೆಗಾರನ ಶೆಡ್ಡಿನಲ್ಲಿ ಮೈಲುತುತ್ತವೂ ಔಷಧಿಯೂ ಇಲ್ಲದಿದ್ದರೆ ಆಶ್ಚರ್ಯಪಡಬೇಕು, ಇದ್ದರೆ ಅಲ್ಲ. ಸೊಸೈಟಿಯ ಸಾಲವೂ ಹಾಗೆಯೇ. ಆದರೂ ಶವವು ಆಸ್ಪತ್ರೆಯಿಂದ ಮನೆಗೆ ಬರುವುದರೊಳಗೆ ಊರಿನವರ ಬಾಯಲ್ಲಿ ಅದು ಆತ್ಮಹತ್ಯೆಯೆಂದು ಸ್ಥಿರವಾಯಿತು. ಸಮಾಧಾನ ಹೇಳಲೆಂದು ಬಂದ ಹೆಂಗಸರು, "ಹಿಂದಿನ ದಿನ ನಿಮ್ಮಿಬ್ಬರಲ್ಲಿ ಮಾತೇನಾದರೂ ಆಗಿತ್ತೇನಮ್ಮಾ?" ಎಂದು ಆ ಪತ್ನಿಯನ್ನು ಕೇಳಿದರು. ಆ ಪ್ರಶ್ನೆಯಲ್ಲಿ ತೀರ್ಪೂ ಅಡಗಿತ್ತು.

ಐದನೆಯ ದಿನ ಬಂಧುಗಳಲ್ಲಿ ಕೆಲವರು ಪುರೋಹಿತರನ್ನು ಅಡ್ಡಗಟ್ಟಿದರು. ದುರ್ಮರಣವಾದುದರಿಂದ ಸಾಮಾನ್ಯ ಕ್ರಮದಲ್ಲಿ ಅಪರಕರ್ಮವನ್ನು ನಡೆಸಕೂಡದು, ನಾರಾಯಣಬಲಿಯಾಗದೆ ಮುಂದಿನದು ಸಲ್ಲದು ಎಂಬುದು ಅವರ ವಾದ. ಶಾಸ್ತ್ರದಲ್ಲಿ ಅದಕ್ಕೆ ಆಧಾರವಿಲ್ಲದಿಲ್ಲ. ಬುದ್ಧಿಪೂರ್ವಕವಾಗಿ ಪ್ರಾಣವನ್ನು ಕಳೆದುಕೊಂಡವನಿಗೆ ಸಾಧಾರಣವಾದ ಉದಕಾದಿಗಳನ್ನು ಸ್ಮೃತಿಕಾರರು ನಿಷೇಧಿಸಿ, ವರ್ಷದ ಅನಂತರ ನಾರಾಯಣಬಲಿಯನ್ನು ಹೇಳಿರುವುದುಂಟು. ಆದರೆ ಅದೇ ಪ್ರಕರಣದಲ್ಲಿ ಪ್ರಮಾದದಿಂದ ಬೆಂಕಿ ನೀರು ಮೊದಲಾದವುಗಳಲ್ಲಿ ಸತ್ತವನಿಗೆ ಆಶೌಚವನ್ನೂ ಉದಕವನ್ನೂ ಮಾಡಲೇಬೇಕೆಂದೂ ಇದೆ. ಶಾಸ್ತ್ರವು ಕೇವಲ ಸಾವಿನ ಬಗೆಯನ್ನು ನೋಡಿ ತೃಪ್ತವಾಗದೆ ಸತ್ತವನ ಬುದ್ಧಿಯನ್ನು ಕೇಳುತ್ತದೆ. ಅದು ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ. ಆ ವೃದ್ಧ ಪುರೋಹಿತರು ವಾದಕ್ಕೆ ಇಳಿಯಲಿಲ್ಲ. "ಕುಡಿದದ್ದನ್ನು ನೀನು ಕಂಡೆಯೇನಪ್ಪಾ?" ಎಂದು ಎದುರಿಗಿದ್ದವನನ್ನು ಕೇಳಿದರು. ಅವನು ಇನ್ನೊಬ್ಬನತ್ತ ನೋಡಿದ. ಆ ಇನ್ನೊಬ್ಬನು, "ಎಲ್ಲರೂ ಹೇಳುತ್ತಿದ್ದಾರಲ್ಲ ಆಚಾರ್ಯರೇ" ಎಂದ. "ಎಲ್ಲರೂ ಹೇಳುವುದನ್ನು ಸಂಕಲ್ಪದಲ್ಲಿ ಸೇರಿಸಲು ನನಗೆ ಮಂತ್ರವಿಲ್ಲ. ವೈದ್ಯರೇ ಇನ್ನೂ ಹೇಳಿಲ್ಲ. ವರದಿ ಬರಲಿ. ಹಾಗೇ ಆಗಿದ್ದರೆ ನಾರಾಯಣಬಲಿಗೆ ಕಾಲವಿದೆ, ಆಗ ಮಾಡೋಣ" ಎಂದು ಹೇಳಿ ಅವರು ಎಂದಿನಂತೆ ಕರ್ಮವನ್ನು ನಡೆಸಿದರು.

ನಾಲ್ಕು ತಿಂಗಳಾದ ಮೇಲೆ ವರದಿ ಬಂದಿತು. ವಿಷದ ಅಂಶವಿರಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡುದು ಸೂಕ್ಷ್ಮಪರೀಕ್ಷೆಯಲ್ಲಿ ಕಂಡಿತ್ತು. ಅಷ್ಟರೊಳಗೆ ಹಿರಿಯ ಮಗಳಿಗೆ ನಿಶ್ಚಯವಾಗುವುದರಲ್ಲಿದ್ದ ಸಂಬಂಧ ತಪ್ಪಿಹೋಗಿತ್ತು. ಗಂಡಿನ ಕಡೆಯವರು ಕಾರಣ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ವರದಿಯು ಆ ಮನೆಯ ಕಪಾಟಿನಲ್ಲಿದೆ. ಊರಿನ ಅರ್ಧ ಜನರಿಗೆ ಅದು ಬಂದುದೇ ತಿಳಿಯದು. ಸುಳ್ಳಿಗೆ ಊರೆಲ್ಲ ಓಡಾಡುವ ಕಾಲುಗಳಿದ್ದವು, ವರದಿಗೆ ಅಂಚೆಯವನು ಒಬ್ಬನೇ.

ಇಷ್ಟನ್ನು ಹೇಳಿದಾಗ ಪ್ರವಚನದ ಸಭೆಯಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಅಧಿಕಾರಿಗಳ ವರದಿಯೇನು ಅಪೌರುಷೇಯ ವಾಕ್ಯವೇ? ಅದನ್ನು ತಿದ್ದುವವರಿಲ್ಲವೆ, ಮುಚ್ಚಿಹಾಕುವವರಿಲ್ಲವೆ? ಜನರು ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟು ಕೊಲೆಗಳು ಸಹಜ ಸಾವೆಂದು ದಾಖಲಾಗಿ ಮುಗಿದುಹೋಗುತ್ತಿರಲಿಲ್ಲ? ಈ ಆಕ್ಷೇಪವು ಯುಕ್ತವಾದುದು, ಇದನ್ನು ಹಗುರವಾಗಿ ತಳ್ಳಿಹಾಕುವುದು ನಮ್ಮ ಅಭಿಪ್ರಾಯವಲ್ಲ. ವರದಿಯು ಪೌರುಷೇಯವೇ. ಅದರಲ್ಲಿ ದೋಷ ಸಂಭವಿಸುತ್ತದೆ, ಅದನ್ನು ಪರೀಕ್ಷಿಸಲೇಬೇಕು.

ಮಹಾಭಾರತದ ಅರಗಿನ ಮನೆಯ ಪ್ರಸಂಗವನ್ನು ಇಲ್ಲಿ ಸ್ಮರಿಸಬಹುದು. ಮನೆ ಉರಿದ ಮರುದಿನ ವಾರಣಾವತದ ಪ್ರಜೆಗಳು ಬೂದಿಯಲ್ಲಿ ಹುಡುಕಿದರು. ಒಬ್ಬ ಸ್ತ್ರೀಯ ಮತ್ತು ಐವರು ಪುರುಷರ ಸುಟ್ಟ ದೇಹಗಳು ದೊರೆತವು, ಪುರೋಚನನದೂ ದೊರೆಯಿತು. ಪ್ರಜೆಗಳು ಎರಡು ನಿರ್ಣಯಗಳನ್ನು ಮಾಡಿದರು. ಇದು ದುರ್ಯೋಧನನ ಕೃತ್ಯವೆಂಬುದು ಒಂದು, ಕುಂತಿಯೂ ಪಾಂಡವರೂ ಸತ್ತರೆಂಬುದು ಇನ್ನೊಂದು. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಸತ್ತವಳು ಮಕ್ಕಳೊಡನೆ ಬಂದ ನಿಷಾದ ಸ್ತ್ರೀ. ಅವಳು ಯಾರು, ಏಕೆ ಬಂದಳೆಂಬ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ಪಾಂಡವರ ವಿಷಯದಲ್ಲಿ ಪ್ರಜೆಗಳಿಗಿದ್ದ ಪ್ರೀತಿಯಾಗಲಿ ದುರ್ಯೋಧನನ ವಿಷಯದಲ್ಲಿದ್ದ ಸಂಶಯವಾಗಲಿ ಅಯುಕ್ತವೆಂದು ಯಾರೂ ಹೇಳಲಾರರು. ಆದರೂ ಆ ಸದಾಶಯದ ನಿರ್ಣಯದಿಂದ ಏನಾಯಿತು? ಹಸ್ತಿನಾವತಿಗೆ ಸುದ್ದಿ ಹೋಗಿ ಬದುಕಿದ್ದವರಿಗೆ ಜಲತರ್ಪಣವಾಯಿತು! ಒಂದು ಅಂಶದಲ್ಲಿ ಸರಿಯಾಗಿರುವ ಊಹೆಯು ಪೂರ್ತಿ ಸುಳ್ಳಾದ ಊಹೆಗಿಂತ ಹೆಚ್ಚು ಮೋಸಗೊಳಿಸುತ್ತದೆ, ಏಕೆಂದರೆ ಸರಿಯಾದ ಅಂಶದ ಬಲದಿಂದ ಉಳಿದುದೂ ನಂಬಿಕೆಗೆ ಪಾತ್ರವಾಗುತ್ತದೆ. ನಿಜವನ್ನು ಬಲ್ಲ ವಿದುರನಾದರೋ ಹೊರಗೆ ಶೋಕವನ್ನು ತೋರುತ್ತ ಸುಮ್ಮನಿದ್ದ.

2015ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಐ.ಎ.ಎಸ್. ಅಧಿಕಾರಿ ಡಿ.ಕೆ. ರವಿಯವರು ಮೃತರಾಗಿ ಕಂಡುಬಂದಾಗ ಕೋಲಾರದಲ್ಲಿಯೂ ರಾಜಧಾನಿಯಲ್ಲಿಯೂ ಜನ ಬೀದಿಗಿಳಿದು ಸಿ.ಬಿ.ಐ. ತನಿಖೆಯನ್ನು ಕೇಳಿದರು. ಜನಪ್ರಿಯರೂ ದಕ್ಷರೂ ಎನಿಸಿದ್ದ ಅಧಿಕಾರಿಯ ವಿಷಯದಲ್ಲಿ ಆ ಬೇಡಿಕೆಯು ನ್ಯಾಯವೇ, ಸರ್ಕಾರವೂ ಕೊನೆಗೆ ಒಪ್ಪಿತು. ತನಿಖೆ ಬೇಕೆಂದು ಕೇಳುವವನು ತನಗೆ ತಿಳಿಯದೆಂಬುದನ್ನು ಒಪ್ಪಿಕೊಂಡೇ ಕೇಳುತ್ತಾನೆ. ಆದರೆ ಆ ದಿನಗಳಲ್ಲಿ ಬೇಡಿಕೆಯ ಜೊತೆಜೊತೆಗೇ ಕೊಂದವರು ಇಂತಹವರೆಂದು ಹೇಳಿದವರೂ, ಖಾಸಗಿ ಬದುಕಿನ ಕಥೆಗಳನ್ನು ಹೊಸೆದವರೂ ಇದ್ದರು. ಅವರು ತನಿಖೆಯನ್ನು ಕೇಳಿದವರಲ್ಲ, ತಮ್ಮ ತೀರ್ಪಿಗೆ ಮೊಹರನ್ನು ಕೇಳಿದವರು. ಸಿ.ಬಿ.ಐ.ಯು ಅದು ಆತ್ಮಹತ್ಯೆಯೆಂಬ ನಿರ್ಣಯಕ್ಕೆ ಬಂದಿತು. ಆ ನಿರ್ಣಯವನ್ನು ಒಪ್ಪದವರು ಇರಬಹುದು. ಒಪ್ಪದಿರುವುದಕ್ಕೆ ಕಾರಣಗಳನ್ನು ಕೊಡಲಿ, ನ್ಯಾಯಾಲಯದ ಬಾಗಿಲು ತೆರೆದಿದೆ. ಪರೀಕ್ಷೆಗೆ ಪರೀಕ್ಷೆಯೇ ಉತ್ತರ.

ಪರರ ಮಾತೇಕೆ, ನಮ್ಮ ಮನೆಯದನ್ನೇ ನೋಡೋಣ. 2018ರ ಜುಲೈ 19ರಂದು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ ಶ್ರೀ ಲಕ್ಷ್ಮೀವರತೀರ್ಥ ಶ್ರೀಪಾದರು ಮಣಿಪಾಲದ ಆಸ್ಪತ್ರೆಯಲ್ಲಿ ದೇಹತ್ಯಾಗ ಮಾಡಿದರು. ದೇಹದಲ್ಲಿ ವಿಷವಿರಬಹುದೆಂಬ ಸಂಶಯವನ್ನು ಚಿಕಿತ್ಸೆ ಮಾಡಿದ ವೈದ್ಯರ ಕಡೆಯಿಂದಲೇ ವ್ಯಕ್ತಪಡಿಸಲಾಗಿತ್ತು. ಆದುದರಿಂದ ಆ ಸಂಶಯಕ್ಕೆ ಮೂಲವಿತ್ತು, ಶವಪರೀಕ್ಷೆಯೂ ಪೊಲೀಸ್ ತನಿಖೆಯೂ ಅವಶ್ಯವಾಗಿದ್ದವು. ಅಷ್ಟರವರೆಗೆ ಸರಿ. ಆದರೆ ವಿಷವಿರಬಹುದು ಎಂಬಲ್ಲಿಂದ ವಿಷವಿತ್ತು ಎಂಬುದಕ್ಕೂ, ಅಲ್ಲಿಂದ ಇಂತಹವರು ಕೊಟ್ಟರು ಎಂಬುದಕ್ಕೂ ನಮ್ಮ ಸಮಾಜದಲ್ಲಿಯೇ ಎಷ್ಟು ಜನ ಎಷ್ಟು ಬೇಗ ಹಾರಿದರು! ರಥಬೀದಿಯಲ್ಲಿ, ಪಂಕ್ತಿಯಲ್ಲಿ, ಮದುವೆಯ ಮಂಟಪಗಳಲ್ಲಿ ಅದೇ ಮಾತು. ಪೂಜ್ಯರ ಹೆಸರುಗಳನ್ನೂ ಗೃಹಸ್ಥರ ಹೆಸರುಗಳನ್ನೂ ಎಳೆದು ತಂದರು. ಏಕಾದಶಿಯಂದು ನಿರ್ಜಲ ಉಪವಾಸ ಮಾಡುವ ನಾಲಿಗೆಯು ಆ ದಿನವೂ ಈ ವಿಷಯದಲ್ಲಿ ಪಾರಣೆಯನ್ನೇ ಮಾಡುತ್ತಿತ್ತು. ಕೆಲವು ವಾರಗಳ ಅನಂತರ ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆಯಲ್ಲಿ ವಿಷ ಕಂಡುಬರಲಿಲ್ಲವೆಂದೂ ಮರಣವು ವ್ಯಾಧಿಯಿಂದ ಆದುದೆಂದೂ ತಿಳಿದುಬಂದಿತು. ಆಗ ಪಂಕ್ತಿಯಲ್ಲಿ ಎಷ್ಟು ಜನ ಆ ಮಾತನ್ನು ಎತ್ತಿದರು? ವಾಚಕರು ತಮ್ಮ ತಮ್ಮ ನೆನಪನ್ನು ಕೇಳಿಕೊಳ್ಳಲಿ. ನಾಲಿಗೆಯ ಚಾಪಲ್ಯವನ್ನು ಎದುರಿಗೆ ನಿಲ್ಲಿಸಿಕೊಂಡು ಗದರಿಸಿದ ಶ್ರೀ ಪುರಂದರದಾಸರು ಅದನ್ನು ಅನ್ಯರ ನಾಲಿಗೆಯೆಂದು ಭಾವಿಸಿ ಹಾಡಲಿಲ್ಲ.

ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ಮೌನವೆಂದರೆ ಸಾಕ್ಷ್ಯವನ್ನು ಮುಚ್ಚುವುದೆಂದು ಯಾರೂ ಭಾವಿಸಬಾರದು. ಯಾರಿಗೆ ನಿಜವಾಗಿ ಏನಾದರೂ ತಿಳಿದಿದೆಯೋ, ಜಗಳವನ್ನು ಕೇಳಿದವರು, ಬಾಟಲಿಯನ್ನು ಕಂಡವರು, ರಾತ್ರಿ ಯಾರೋ ಬಂದುಹೋದುದನ್ನು ನೋಡಿದವರು, ಅವರು ತನಿಖಾಧಿಕಾರಿಯ ಮುಂದೆ ಹೋಗಿ ಕಂಡಷ್ಟನ್ನು ಕಂಡಂತೆ ಹೇಳಬೇಕು. ಅಲ್ಲಿ ಸುಮ್ಮನಿರುವುದು ದೋಷ. ವಿಚಿತ್ರವೆಂದರೆ ಅಂಗಡಿಯ ಮುಂದೆ ಗಂಟೆಗಟ್ಟಲೆ 'ಕಂಡುದನ್ನು' ವರ್ಣಿಸುವವರು ಪಂಚನಾಮೆಗೆ ಸಹಿ ಹಾಕಿರೆಂದರೆ ತೋಟಕ್ಕೆ ನೀರು ಬಿಡುವುದಿದೆ ಎಂದು ಹೊರಟುಬಿಡುತ್ತಾರೆ.

ಆಶೌಚದ ಮನೆಗೆ ವಿಚಾರಿಸಲು ಹೋಗುವುದು ನಮ್ಮಲ್ಲಿ ಕರ್ತವ್ಯವೇ ಆಗಿದೆ. ಹೋದವರಿಗೆ "ಹೇಗಾಯಿತು?" ಎಂಬ ಪ್ರಶ್ನೆ ತಾನಾಗಿಯೇ ಬಾಯಿಗೆ ಬರುತ್ತದೆ. ಅದನ್ನು ಒಮ್ಮೆ ಕೇಳಿ, ಮನೆಯವರು ಹೇಳಿದಷ್ಟನ್ನು ಕೇಳಿ ಬಿಡಬಹುದು. ಅವರು "ವರದಿ ಬರಬೇಕು" ಎಂದರೆ ಅದೇ ಪೂರ್ಣ ಉತ್ತರ. ಅನಂತರ ಕೇಳಬೇಕಾದ ಬೇರೆ ವಿಷಯಗಳು ಎಷ್ಟೋ ಇವೆ: ಮಕ್ಕಳು ಉಂಡರೆ, ಹಸುವನ್ನು ಕರೆಯುವವರಿದ್ದಾರೆಯೆ, ಆಸ್ಪತ್ರೆಗೂ ಠಾಣೆಗೂ ಕಾಗದಪತ್ರಕ್ಕಾಗಿ ಓಡಾಡಲು ಜೊತೆಗೆ ಯಾರಾದರೂ ಬೇಕೆ. ಶವಪರೀಕ್ಷೆಯ ವರದಿಯ ಪ್ರತಿಗಾಗಿ ಹತ್ತು ಬಾರಿ ಅಲೆಯುವ ವೃದ್ಧ ತಂದೆಯ ಜೊತೆ ಒಂದು ಬಾರಿ ಹೋಗಿಬರಲು ಅರ್ಧ ದಿನ ಸಾಕು.

ಈ ಸಲದ ಮಹಾಲಯದಲ್ಲಿ ಘಾತ ಚತುರ್ದಶಿಯ ವಿಷಯವನ್ನು ಕೇಳಲು ಬರುವವರು ಕಚೇರಿಯಲ್ಲಿ ಸಂಕೋಚಪಡಬೇಕಾಗಿಲ್ಲ. ಇರುವ ವರದಿಯನ್ನೋ ಮರಣಪತ್ರವನ್ನೋ ತಂದರೆ ಪುರೋಹಿತರು ಅದನ್ನು ನೋಡಿ ತಿಥಿಯನ್ನು ಹೇಳುತ್ತಾರೆ. ಬೇರೆಯವರು ಏನು ಹೇಳುತ್ತಿದ್ದಾರೆಂಬುದನ್ನು ಅವರು ಕೇಳುವುದಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥